ಅಪ್ಪನ ಮೊಳೆಗೆ ಕಟ್ಟುವ ಮೂಲೆ

ಸೆಪ್ಟೆಂಬರ್ 21

ಮತ್ತೆ ಅದೇ ಕೆಟ್ಟ ಕನಸು. ಹಿಮ ಸುರಿಯುತ್ತಿದೆ, ಟೆಂಟಿನ ಬಟ್ಟೆ ನನ್ನ ಕೈಯಲ್ಲಿದೆ, ಎತ್ತಿ ನಿಲ್ಲಿಸಲು ನಡುಗಂಬ ಇಲ್ಲ. ರಾಯ್ಸ್ ಹಳ್ಳದ ಆಚೆ ದಡದಲ್ಲಿ ಚಳಿ ಕಾಯಿಸಿಕೊಳ್ಳುತ್ತ ಕೂತಿದ್ದಾನೆ, ಕಂಬ ಅವನ ತೊಡೆಯ ಮೇಲಿದೆ. ಕೂಗಿದೆ, ಕೂಗಿದೆ, ಕತ್ತೆತ್ತಲಿಲ್ಲ. ಎಚ್ಚರವಾದಾಗ ಹೊದಿಕೆಯ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ.

ಕನಸಿಗೆ ಕಾರಣ ಗೊತ್ತಿದೆ. ಹನ್ನೊಂದು ವರ್ಷದಿಂದ ಎಲ್ಕ್ ಕಡವೆಯ ಬೇಟೆಗೆ ಹೋಗುವಾಗ ನಾವು ಅಣ್ಣ ತಂಗಿ ಒಂದೇ ಟೆಂಟನ್ನು ಎರಡು ಬೆನ್ನಿನ ಮೇಲೆ ಹೊತ್ತಿದ್ದೇವೆ. ಬಟ್ಟೆ, ಗೂಟ ನನಗೆ. ಕಂಬ, ಮಡಚುವ ತಗಡಿನ ಒಲೆ ರಾಯ್ಸ್‌ಗೆ. ಅಪ್ಪ ಹಂಚಿಕೊಟ್ಟಿದ್ದು ಹಾಗೆ. "ಜಗಳ ಆಡಿ ಒಬ್ರು ಓಡಿಹೋದ್ರೆ ಇಬ್ರೂ ನೆನೀತೀರಿ, ಅದಕ್ಕೇ" ಅಂತ ನಗುತ್ತಿದ್ದ.

ರಾಯ್ಸ್‌ಗೆ ಈಗ ಅರವತ್ತೊಂದು, ಬಲ ಮಂಡಿ ಸವೆದುಹೋಗಿದೆ. ಹಳೆಯ ಟೆಂಟು ಒಲೆ ಸೇರಿ ಹನ್ನೆರಡು ಪೌಂಡು ತೂಗುತ್ತದೆ. "ಅರ್ಧಕ್ಕೆ ಇಳಿಸು ಆರ್ಡಿ, ಇಲ್ಲಾಂದ್ರೆ ನನ್ನನ್ನೂ ಹೊತ್ಕೊಂಡು ಹೋಗು" ಅಂದಿದ್ದ ಬೇಸಿಗೆಯಲ್ಲಿ. ನಾನು ಮಾರ್ಗಿಟ್ ಅವರ ಅಂಗಡಿಯಲ್ಲಿ ಟೆಂಟು ಹೊಲಿಯುವವಳು, ಹಾಗಾಗಿ ಆರಿಸುವ ಕೆಲಸ ನನ್ನ ತಲೆಗೇ ಬಂತು. ಮೂರು ತಿಂಗಳಾಯಿತು. ಇನ್ನೂ ಆರಿಸಿಲ್ಲ.

ಸೆಪ್ಟೆಂಬರ್ 24

ಬರೆದಿಟ್ಟರೆ ತಲೆ ತಣ್ಣಗಾಗುತ್ತದೋ ನೋಡೋಣ.

ಒಂದೇ ಕಂಬದ ಗೋಪುರದಂಥ ಟೆಂಟು ಹಿಮಕ್ಕೆ ಗಟ್ಟಿ, ಬಿದ್ದ ಹಿಮ ನಾಲ್ಕೂ ಕಡೆ ಜಾರಿಹೋಗುತ್ತದೆ. ಆದರೆ ತಳ ಚೌಕ, ನಮ್ಮ ಜಾಗಕ್ಕೆ ಹೊಂದುವುದಿಲ್ಲ. ಬರಿಯ ಚಪ್ಪಟೆ ಹಾಳೆಯನ್ನು ಮರದಿಂದ ಮರಕ್ಕೆ ಕಟ್ಟಿದರೆ ಒಂದೇ ಪೌಂಡು, ಆದರೆ ಗಾಳಿ ತಿರುಗಿದರೆ ಬೆಳಿಗ್ಗೆ ನಮ್ಮನ್ನು ಅಗೆದು ತೆಗೆಯಬೇಕು. ಅಂಗಡಿಯಲ್ಲಿ ಸಿಗುವ ಇಬ್ಬರ ಟೆಂಟು ಹಗುರ, ತಳ ಇದೆ, ಸೊಳ್ಳೆ ಬಲೆ ಇದೆ, ಅಕ್ಟೋಬರಿನಲ್ಲಿ ಯಾವ ಸೊಳ್ಳೆಯೋ. ಅದರೊಳಗೆ ಒಲೆ ಇಡಲಾಗುವುದಿಲ್ಲ. ಒಲೆ ಇಲ್ಲದಿದ್ದರೆ ಒದ್ದೆ ಬೂಟು ಬೆಳಿಗ್ಗೆ ಕಲ್ಲಾಗಿರುತ್ತದೆ. ರಾಯ್ಸ್‌ಗೆ ಕಾಲು ಒದ್ದೆ ಆದರೆ ಮಂಡಿ ಹಿಡಿದುಕೊಳ್ಳುತ್ತದೆ. ಮಂಡಿ ಹಿಡಿದುಕೊಂಡರೆ ನಾನು ಅವನನ್ನು ಕೆಳಗೆ ತರುವುದು ಹೇಗೆ? ತಲೆ ತಣ್ಣಗಾಗಲಿಲ್ಲ.

ನಿಜವಾದ ತೊಂದರೆ ನಾವು ಉಗ್ರಾಣ ಅಂತ ಕರೆಯುವ ಬೇಟೆಯ ಜಾಗದ್ದು. ಜಾಗದ ಅಸಲು ಹೆಸರು ಇಲ್ಲೂ ಬರೆಯುವುದಿಲ್ಲ. ಅಪ್ಪ ಪಿಕಪ್ಪಿನ ಹಿಂದೆ ನಮ್ಮಿಬ್ಬರನ್ನೂ ಕೂರಿಸಿ ಮಾತು ತೆಗೆದುಕೊಂಡಿದ್ದ. ಕಟ್ಟಿಕೊಂಡವರಿಗೆ ಹೇಳಬೇಡಿ, ಪಾದ್ರಿಗೆ ಹೇಳಬೇಡಿ, ನಕ್ಷೆಯ ಮೇಲೆ ಚುಕ್ಕೆ ಇಡಬೇಡಿ ಅಂತ. ನಮ್ಮೂರಲ್ಲಿ ಜನ ಹಲ್ಲುಜ್ಜುವ ಬ್ರಷ್ಷನ್ನಾದರೂ ಕೊಟ್ಟಾರು, ಎಲ್ಕ್ ಸಿಗುವ ಜಾಗ ಕೊಡುವುದಿಲ್ಲ. ಪ್ರತಿ ವರ್ಷ ನನ್ನ ಫ್ರೀಜರ್ ತುಂಬುವುದು ಅಲ್ಲಿಂದ, ಅದಕ್ಕೇ ಉಗ್ರಾಣ.

ಅಲ್ಲಿ ಎಲ್ಲವೂ ಇಳಿಜಾರು. ಅಪ್ಪ ಸಲಿಕೆಯಲ್ಲಿ ಕಡಿದು ಮಟ್ಟ ಮಾಡಿದ ಒಂದೇ ಒಂದು ಪಟ್ಟಿ ನೆಲ ಇದೆ. ಉದ್ದ ಹನ್ನೊಂದು ಅಡಿ. ಒಂದು ತುದಿಯಲ್ಲಿ ಅಗಲ ಐದು, ಇನ್ನೊಂದು ತುದಿಯಲ್ಲಿ ಮೂರೂವರೆ, ಯಾಕೆಂದರೆ ಮಲಗಿದ ಹಸುವಿನಂಥ ಬಂಡೆಯೊಂದು ಮೇಲಿನಿಂದ ಮೂತಿ ಚಾಚಿದೆ. ಲೋಕದ ಯಾವ ಟೆಂಟೂ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಹಳೆಯದನ್ನು ಇಷ್ಟು ವರ್ಷ ಒಂದು ಬದಿ ಮಡಚಿ ಕಟ್ಟುತ್ತಿದ್ದೆವು. ಹೊಸದು ನಾನೇ ಹೊಲಿಯಬೇಕು, ಆ ಆಕಾರಕ್ಕೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಮ್ಮನಿಗೆ ಪಾರ್ಶ್ವವಾಯು ಹೊಡೆದ ವರ್ಷ. ಓರೆ ಆಕಾರದ ಲೆಕ್ಕ ನನಗೆ ಹತ್ತುವುದಿಲ್ಲ. ಹಳೆಯ ಪತ್ರಿಕೆ ಕತ್ತರಿಸಿ ನೆಲಕ್ಕೆ ಹಾಸಿ ನೋಡುತ್ತೇನೆ.

ಅಕ್ಟೋಬರ್ 2

ರಾಯ್ಸ್ ಊಟಕ್ಕೆ ಬಂದಿದ್ದ. ಹೋದ ವರ್ಷದ ಎಲ್ಕ್ ಕೈಮಾದ ಕೊನೇ ಪೊಟ್ಟಣ ಬೀನ್ಸ್ ಜೊತೆ ಬೇಯಿಸಿದ್ದೆ. ನೆಲದ ಮೇಲಿನ ಪತ್ರಿಕೆಗಳನ್ನು ದಾಟಿಕೊಂಡು ಬಂದ.

"ಏನೇ ಇದು, ನೆಲಕ್ಕೆಲ್ಲ ಪೇಪರ್ ಹಾಸಿದೀಯಾ, ಉಚ್ಚೆ ಹೊಯ್ಯೋ ನಾಯಿಮರಿ ತಂದಿದೀಯಾ?"

"ಟೆಂಟು. ನೀನೇ ನೋಡು, ಕಂಬ ಅಗಲ ಇರೋ ಕಡೆ ಬರ್ಲಾ, ನಡುವೆ ಬರ್ಲಾ? ನಡುವೆ ಬಂದ್ರೆ ನಿನ್ನ ಕಾಲಿಗೆ ಜಾಗ ಸಾಲಲ್ಲ. ಅಗಲದ ಕಡೆ ಬಂದ್ರೆ ಹಿಮದ ಭಾರಕ್ಕೆ ಈ ಕಡೆ ಜೋತುಬೀಳತ್ತೆ ಅಂತ ಭಯ."

"ಅವಸರ ಏನಿಲ್ಲ ಆರ್ಡಿ."

ಅವಸರ ಇಲ್ಲವಂತೆ! ಬೇಸಿಗೆಯಿಡೀ ನನ್ನ ಪ್ರಾಣ ತಿಂದವನು.

ತಟ್ಟೆ ಒರೆಸುವಾಗ ಹೇಳಿದ. ಈ ಸಲ ಬೇಟೆಗೆ ಅನುಮತಿ ಶುರುವಾಗುವ ಮೊದಲ ಶನಿವಾರ ಬೇಡ, ನವೆಂಬರ್ ಮೊದಲ ವಾರ ಹೋಗೋಣ. ಆ ಶನಿವಾರದ ಹೊತ್ತಿಗೆ ಮಂಡಿ ಡಾಕ್ಟರು ಪಟ್ಟಣಕ್ಕೆ ಬರುತ್ತಾರಂತೆ, ಸೂಜಿ ಹಾಕುತ್ತಾರಂತೆ. ನಾನು ಸರಿ ಅಂದೆ. ಸೂಜಿ ಹಾಕಿದ ಮೇಲೆ ಕೀವು ಆದರೆ? ಕೇಳಿದರೆ ನಗುತ್ತಾನೆ ಅಂತ ಕೇಳಲಿಲ್ಲ. ನವೆಂಬರ್ ಅಂದರೆ ಹಿಮ ಇನ್ನೂ ಜಾಸ್ತಿ, ಬಟ್ಟೆ ಇನ್ನೂ ಗಟ್ಟಿ ಬೇಕು, ಗಟ್ಟಿ ಅಂದರೆ ಭಾರ. ಮೊದಲಿಂದ ಲೆಕ್ಕ ಹಾಕಬೇಕು.

ಅಕ್ಟೋಬರ್ 6

ಮಾರ್ಗಿಟ್ ಹೊಸ ಆರ್ಡರಿನ ಚೀಟಿ ನನ್ನ ಮಿಷನ್ ಮೇಲೆ ಇಟ್ಟರು. "ವಿಚಿತ್ರ ಆಕಾರ ಕಣೇ, ನೀನೇ ಸರಿ ಇದಕ್ಕೆ. ವೇಡ್ ಪ್ರೂಯಿಟ್ ಅಂತ, ಹೊಸಬ, ಹೇಸರಗತ್ತೆ ಸಾಕಿದಾನೆ. ಬೇಟೆ ಶುರುವಾಗೋ ಮುಂಚೆ ಬೇಕಂತೆ. ಹಗುರ ಇರ್ಬೇಕಂತೆ."

ಉದ್ದ ಹನ್ನೊಂದು ಅಡಿ. ಅಗಲ ಒಂದು ಕಡೆ ಐದು, ಇನ್ನೊಂದು ಕಡೆ ಮೂರೂವರೆ. ಮೇಲಿನ ಬದಿಯಲ್ಲಿ ಬಂಡೆಗೆ ಬಿಟ್ಟ ಕಚ್ಚು.

ನಾನು ಎದ್ದು ನೀರು ಕುಡಿದು ಬಂದೆ. ಬೆಟ್ಟದಲ್ಲಿ ಬಂಡೆ ಎಲ್ಲ ಕಡೆ ಇರುತ್ತದೆ ಅಂದುಕೊಂಡೆ. ಸಲಿಕೆ ಎಲ್ಲರ ಹತ್ತಿರವೂ ಇರುತ್ತದೆ. ಆಮೇಲೆ ಚೀಟಿಯ ಕೊನೆಯ ಸಾಲು ಓದಿದೆ. ಗೂಟ ಒಂಬತ್ತು ಸಾಕು, ಹತ್ತು ಬೇಡ. ಎಡ ಮುಂದಿನ ಮೂಲೆಯ ಹಗ್ಗ ಪೈನ್ ಮರದ ಮೊಳೆಗೆ, ನೆಲದಿಂದ ನಾಲ್ಕಡಿ.

ಆ ಮೊಳೆ ಅಪ್ಪ ಹೊಡೆದಿದ್ದು. ನನ್ನ ಕೈಯಲ್ಲಿ ಹಿಡಿಸಿ ಹೊಡೆದಿದ್ದು, ನಾನು ಬೆರಳು ಜಜ್ಜುತ್ತದೆ ಅಂತ ಅಳುತ್ತಿದ್ದೆ. ಆ ಮೊಳೆ ಮೂವರಿಗೆ ಗೊತ್ತು. ಒಬ್ಬ ಮಣ್ಣಿನಲ್ಲಿದ್ದಾನೆ.

ಅಕ್ಟೋಬರ್ 7

ಚೀಟಿ ಐದು ಸಲ ಓದಿದೆ. ಅಳತೆ ಬದಲಾಗಲಿಲ್ಲ.

ಅಕ್ಟೋಬರ್ 10

ಬಟ್ಟೆಯ ಬಣ್ಣ ನೋಡಲು ಪ್ರೂಯಿಟ್ ಅಂಗಡಿಗೆ ಬಂದಿದ್ದ. ಕೆಟ್ಟವನ ಹಾಗೆ ಇದ್ದರೆ ಚೆನ್ನಾಗಿತ್ತು. ಇಲ್ಲ, ನಗುಮುಖದವನು, ಬಾಗಿಲಲ್ಲೇ ಬೂಟಿನ ಕೆಸರು ಒರೆಸಿಕೊಂಡು ಟೋಪಿ ತೆಗೆದು ಒಳಗೆ ಬಂದ.

"ನೀವು ರಾಯ್ಸ್ ತಂಗಿ ಅಲ್ವಾ ಮೇಡಂ? ಹೊಲಿಗೆ ಅಂದ್ರೆ ನೀವೇ ಅಂದ. ಆದ್ರೆ ನಾವು ಹೋಗೋದು ನಿಮಗೆ ಹೇಳ್ಬೇಡ, ಟೆಂಟು ಮಾರ್ಗಿಟ್ ಕೈಲೇ ಹೊಲಿಸು ಅಂದಿದ್ದ, ನಾನು ಬಾಯಿಬಡುಕ ನೋಡಿ, ಹೇಳ್ಬಿಟ್ಟೆ."

"ಯಾಕೆ ಹೇಳ್ಬಾರ್ದಂತೆ?"

"ಬೇಜಾರಾಗತ್ತೆ ಅಂತ ಇರ್ಬೇಕು. ನೀವು ಬೇಟೆ ಬಿಟ್ಟು ಎರಡು ವರ್ಷ ಆಯ್ತಂತಲ್ಲ. ಬೆಟ್ಟ ಅಂದ್ರೆ ಭಯ ಶುರುವಾಗಿದೆ ಅಂದ. ಪಾಪ, ನನ್ನ ಅತ್ತೆಗೂ ಹಾಗೇ ಆಗಿತ್ತು."

ನಾನು ಬಟ್ಟೆಯ ಸುರುಳಿ ಬಿಚ್ಚುತ್ತಿದ್ದೆ, ಬಿಚ್ಚುತ್ತಲೇ ಇದ್ದೆ. ಮೇಜು ತುಂಬಿ ನೆಲಕ್ಕೆ ಬಿತ್ತು.

"ಇಬ್ರೇ ಹೋಗ್ತೀರಾ?" ಅಂತ ಕೇಳಿದೆ.

"ನಾವಿಬ್ರು, ಎರಡು ಹೇಸರಗತ್ತೆ. ಶುಕ್ರವಾರ ಹತ್ತಿ, ಶನಿವಾರ ಬೆಳಕು ಹರಿಯೋ ಹೊತ್ತಿಗೆ ಅಲ್ಲಿರ್ತೀವಿ. ಬಿದ್ದ ಎಲ್ಕ್ ಬೆನ್ನ ಮೇಲೆ ಹೊರೋದಕ್ಕೆ ಅವನ ಮಂಡಿಗೆ ಆಗಲ್ವಲ್ಲ. ಜಾಗ ಅವನದು, ಕತ್ತೆ ನಂದು!"

ತಾನೇ ನಕ್ಕ. ಕಂದು ಹಸಿರು ಬಣ್ಣ ಆರಿಸಿದ.

ಹೋದ ವರ್ಷ ಆ ಬಂಡೆಯ ಪಕ್ಕದಲ್ಲಿ ನಾನು ಐದು ರಾತ್ರಿ ಮಲಗಿದ್ದೆ. ರಾಯ್ಸ್‌ನ ಎಲ್ಕ್‌ನ ಎರಡು ತೊಡೆ ನನ್ನ ಬೆನ್ನ ಮೇಲೆ ಕೆಳಗೆ ಬಂದವು. ಬಿಟ್ಟು ಎರಡು ವರ್ಷ ಆಯಿತಂತೆ.

ಅಕ್ಟೋಬರ್ 13

ಪ್ರೂಯಿಟ್‌ನ ಟೆಂಟು ಹೊಲಿದು ಮುಗಿಸಿದೆ. ಹೊಗೆಕೊಳವೆಯ ಸುತ್ತ ಬೆಂಕಿ ತಡೆಯುವ ಉಂಗುರ ಚೆನ್ನಾಗಿ ಕೂತಿದೆ. ಬಾಗಿಲು ಚೆನ್ನಾಗಿದೆ. ಕಂಬ ಎಲ್ಲಿ ಬರಬೇಕು ಅಂತ ಮೂರು ತಿಂಗಳು ನಾನು ಒದ್ದಾಡಿದ ಪ್ರಶ್ನೆ, ಇವತ್ತು ಕತ್ತರಿ ಹಿಡಿದ ಮೇಲೆ ಕೈಯೇ ಉತ್ತರ ಹೇಳಿತು. ಅಗಲದ ಕಡೆಯಿಂದ ನಾಲ್ಕೂವರೆ ಅಡಿ. ಕಂಬ, ಒಲೆ ಬಿಟ್ಟು ಎರಡು ಪೌಂಡು ಒಂದು ಔನ್ಸ್. ನನ್ನ ಜನ್ಮದಲ್ಲಿ ಇಷ್ಟು ಒಳ್ಳೆಯ ಟೆಂಟು ಹೊಲಿದಿಲ್ಲ.

ಹತ್ತು ಕುಣಿಕೆ. ಹಗ್ಗ ಕಟ್ಟುವ ಪ್ರತಿ ಕುಣಿಕೆಗೂ ಒಂದರ ಮೇಲೊಂದು ಏಳು ಸಾಲು ಹೊಲಿಗೆ ಹಾಕುವುದು ನಮ್ಮ ಅಂಗಡಿಯ ಪದ್ಧತಿ. ಒಂಬತ್ತಕ್ಕೆ ಏಳು ಹಾಕಿದೆ. ಎಡ ಮುಂದಿನದಕ್ಕೆ, ಅಪ್ಪನ ಮೊಳೆಗೆ ಹೋಗುವ ಕುಣಿಕೆಗೆ, ಒಂದೇ ಸಾಲು. ಅಂಚು ಮಡಚಿದರೆ ಕಾಣುವುದಿಲ್ಲ. ಮಾರ್ಗಿಟ್ ನನ್ನ ಕೆಲಸ ಪರೀಕ್ಷಿಸುವುದನ್ನು ಬಿಟ್ಟು ಹದಿನಾರು ವರ್ಷವಾಯಿತು.

ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ.

ಅಕ್ಟೋಬರ್ 14

ಗಾಳಿ ಬಂದರೆ ಮಾತ್ರ ಕಿತ್ತುಹೋಗುತ್ತದೆ. ಗಾಳಿ ಬಂದೇ ಬರುತ್ತದೆ ಅಂತೇನಿಲ್ಲ. ಕಿತ್ತುಹೋದರೂ ಒಂದು ಮೂಲೆ. ಒಂದು ಮೂಲೆಯಿಂದ ಯಾರೂ ಸಾಯುವುದಿಲ್ಲ. ಸಾಯುತ್ತಾರಾ?

ಅಕ್ಟೋಬರ್ 16

ಪ್ರೂಯಿಟ್‌ನ ಬಟ್ಟೆಯಲ್ಲಿ ಉಳಿದ ಚೂರುಗಳನ್ನು ಮಾರ್ಗಿಟ್ ನನಗೇ ಇಟ್ಟುಕೋ ಅಂದರು. ಸುಮ್ಮನೆ, ಹಗುರ ಬಟ್ಟೆ ಇಬ್ಬನಿಗೆ ಹೇಗೆ ಅಂತ ನೋಡಲು, ಒಬ್ಬರು ಮಲಗುವಷ್ಟು ಒಂದು ಪುಟ್ಟ ಸೂರು ಹೊಲಿದೆ. ಕಂಬ ಬೇಡ, ನನ್ನ ನಡೆಯುವ ಕೋಲೇ ಸಾಕು. ಒಲೆಗೆ ಜಾಗ ಇಲ್ಲ. ಗೂಟ ಆರು. ಎಷ್ಟು ಬೇಕು ಅಂತ ಯೋಚಿಸಲಿಲ್ಲ, ಆರೇ ಇದ್ದವು. ತೂಕ ಹತ್ತೊಂಬತ್ತು ಔನ್ಸ್. ಅಡಿಗೆಮನೆಯ ತಕ್ಕಡಿ ಕೆಟ್ಟಿದೆಯೇನೋ ಅಂತ ಸಕ್ಕರೆ ಪೊಟ್ಟಣ ಇಟ್ಟು ನೋಡಿದೆ. ಕೆಟ್ಟಿಲ್ಲ.

ಹಿತ್ತಲಲ್ಲಿ ಮಲಗಿ ನೋಡಿದೆ. ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಹಿಮದ ಹುಡಿ, ಒಳಗೆ ನಾನು ಒಣಗಿಯೇ ಇದ್ದೆ. ಒಂದೇ ಕಿರಿಕಿರಿ. ಒಬ್ಬಳ ಸೂರಿನಲ್ಲೂ ಬಲಕ್ಕೆ ಮುದುರಿಕೊಂಡು ಬಟ್ಟೆಗೆ ಒತ್ತಿ ಮಲಗಿದ್ದೆ, ಹೆಗಲು ತಣ್ಣಗಾಗಿತ್ತು. ಎಡಗಡೆ ಜಾಗವೋ ಜಾಗ.

ಬೂಟು? ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮಲಗುವ ಚೀಲದೊಳಗೇ ಇಟ್ಟುಕೊಂಡೆ. ಬೆಚ್ಚಗಿದ್ದವು. ಇಷ್ಟು ಸುಲಭವಾ!

ಅಕ್ಟೋಬರ್ 19

ರಾಯ್ಸ್ ಬಂದ. ಕೈಯಲ್ಲಿ ಕಂಬ, ಬಗಲಲ್ಲಿ ತಗಡಿನ ಒಲೆ. ಎರಡನ್ನೂ ನನ್ನ ಊಟದ ಮೇಜಿನ ಮೇಲೆ ಇಟ್ಟ. ಬೆಟ್ಟದ ಮೇಲಲ್ಲದೆ ಬೇರೆ ಕಡೆ ಟೆಂಟಿನ ಎರಡು ಭಾಗ ಒಟ್ಟಿಗೆ ಸೇರಿದ್ದು ಇದೇ ಮೊದಲು.

"ಪ್ರೂಯಿಟ್ ಬಾಯಿಬಿಟ್ನಂತೆ" ಅಂದ.

"ಅವನು ಒಳ್ಳೆಯವನು. ಬೂಟು ಒರೆಸ್ಕೊಂಡು ಬಂದ."

"ಆರ್ಡಿ, ನನ್ನ ಮಂಡಿ…"

"ಡಾಕ್ಟರು ಬರ್ತಾರಾ, ಅದೂ ಸುಳ್ಳಾ?"

ಕುರ್ಚಿ ಎಳೆದು ಕೂತ. ಕೂರುವಾಗ ಮೇಜು ಹಿಡಿದುಕೊಂಡ, ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ.

"ಹೋದ ವರ್ಷ ಇಳಿಯೋವಾಗ ನಾನು ಹಿಂದೆ ಉಳಿದ್ನಲ್ಲ, ಗುಬ್ಬಚ್ಚಿ ನೋಡ್ತಿದ್ದೆ ಅಂದ್ನಲ್ಲ. ಅಳ್ತಾ ಇದ್ದೆ ಕಣೇ, ನೋವಿಗೆ. ನಿನ್ನ ಬೆನ್ನ ಮೇಲೆ ಆಗ್ಲೇ ನನ್ನ ಪಾಲೂ ಇತ್ತು. ಇನ್ನೊಂದು ವರ್ಷ ನಂಗಾಗಲ್ಲ. ಕತ್ತೆ ಇರೋನು ಬೇಕಾಗಿತ್ತು."

"ಹೇಳಿದ್ರೆ ನಾನು ಅರ್ಥ ಮಾಡ್ಕೋತಿರ್ಲಿಲ್ವಾ?"

"ನೀನು ಅಳ್ತಿದ್ದೆ. ಒಂದು ವಾರ ನಿದ್ದೆ ಬಿಡ್ತಿದ್ದೆ."

"ಹೌದು, ಅಳ್ತಿದ್ದೆ. ಆಮೇಲೆ ಕತ್ತೆಗೆ ಏನು ತಿನ್ನಿಸ್ಬೇಕು ಅಂತ ಕೇಳ್ತಿದ್ದೆ!"

ಅವನು ನಗಲು ನೋಡಿದ. ನಾನು ನಗಲಿಲ್ಲ.

"ಮೂರು ಜನ ಅಲ್ಲಿ ಹಿಡಿಯಲ್ಲ ಆರ್ಡಿ. ನಿಂಗೇ ಗೊತ್ತು ಅಳತೆ. ನವೆಂಬರಲ್ಲಿ ನಿನ್ನ ಕರ್ಕೊಂಡು ಹೋಗ್ತೀನಿ, ಅದು ಸುಳ್ಳಲ್ಲ."

"ಅವನ ಕತ್ತೆ ತುಳಿದುಹೋದ ಮೇಲೆ. ಹೋಗ್ಲಿ, ನಂಗೆ ಭಯ ಅಂತ ಯಾಕೆ ಹೇಳ್ದೆ?"

"ಏನಾದ್ರೂ ಹೇಳ್ಬೇಕಿತ್ತಲ್ಲ. ನಿನ್ನ ಜಾಗದಲ್ಲಿ ಅವನನ್ನ ಕರೆಯೋಕೆ."

"ಮೊಳೆ ಯಾಕೆ ಹೇಳ್ದೆ ರಾಯ್ಸ್?"

ಮೇಜಿನ ಮೇಲಿದ್ದ ಕಂಬವನ್ನು ಸರಿಸಿ ನೇರ ಮಾಡಿದ. "ಅಳತೆ ಸರಿ ಬರ್ಲಿ ಅಂತ."

ಅಷ್ಟೇ. ಅಳತೆ ಸರಿ ಬರಲಿ ಅಂತ. ಕಾಫಿ ಕೊಟ್ಟೆ, ಕುಡಿದ. ಹೋಗುವಾಗ ಬಾಗಿಲಲ್ಲಿ ನಿಂತು, "ಕಂಬ, ಒಲೆ ಇಟ್ಕೋ. ಇಲ್ಲೇ ಇರ್ಲಿ" ಅಂದ. ಹನ್ನೊಂದು ವರ್ಷದ ಭಾರ ಇಳಿಸಿದವನ ಹಾಗೆ ಹೋದ, ಕುಂಟುತ್ತಲೇ. ಕಂಬವನ್ನು ಬಾಗಿಲ ಹಿಂದೆ ಒರಗಿಸಿದೆ. ನನಗೆ ಅದರಿಂದ ಕೆಲಸವಿಲ್ಲ.

ಅಕ್ಟೋಬರ್ 20

ಮಾರ್ಗಿಟ್ ಹತ್ತಿರ ಶುಕ್ರವಾರದಿಂದ ರಜೆ ಕೇಳಿದೆ.

"ನವೆಂಬರ್ ಅಂದಿದ್ದೆ?"

"ಈಗ ಬೇಕು."

"ರಾಯ್ಸ್ ಪ್ರೂಯಿಟ್ ಜೊತೆ ಹೋಗ್ತಾನೆ ಅಂತ ಕೇಳಿದೆ. ನೀನು ಯಾರ ಜೊತೆ?"

ಬಾಬಿನ್‌ಗೆ ದಾರ ಸುತ್ತುತ್ತಿದ್ದೆ, ಮುಗಿದ ಮೇಲೆ ನೋಡಿದರೆ ಅವರು ಉತ್ತರಕ್ಕೆ ಕಾಯದೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು.

ಅಕ್ಟೋಬರ್ 22

ಉಗ್ರಾಣಕ್ಕಲ್ಲ. ಅಲ್ಲಿಗೆ ಇನ್ನು ನಾನು ಹೋಗುವುದಿಲ್ಲ. ಅದೇ ಬೆಟ್ಟದ ನೆತ್ತಿಯ ಆಚೆ ಒಂದು ತಗ್ಗು ಇದೆ. ಪ್ರತಿ ವರ್ಷ ಎಲ್ಕ್ ಕಾಲುದಾರಿ ಆ ಕಡೆಗೇ ಇಳಿಯುವುದನ್ನು ನೋಡಿದ್ದೇನೆ. "ಅಲ್ಲಿ ನೀರಿಲ್ಲ" ಅನ್ನುತ್ತಿದ್ದ ರಾಯ್ಸ್, ಹೋಗಿ ನೋಡದೆಯೇ. ನೀರಿಲ್ಲದ ಕಡೆಗೆ ಎಲ್ಕ್ ಯಾಕೆ ದಾರಿ ಮಾಡುತ್ತದೆ? ಬೇರೆ ರಸ್ತೆಯಿಂದ ಹೋದರೆ ಎರಡೇ ಮೈಲಿ. ಎಲ್ಕ್ ಬಿದ್ದರೆ ಮೂಳೆ ಬಿಡಿಸಿ ಮಾಂಸ ಹೊರಲು ನಾಲ್ಕು ಸುತ್ತು, ಎರಡು ದಿನದಲ್ಲಿ ಆಗುತ್ತದೆ. ಫ್ರೀಜರ್ ಖಾಲಿ ಇದೆ, ಕೊನೇ ಪೊಟ್ಟಣ ಅವನೇ ತಿಂದು ಹೋದ.

ಬ್ಯಾಗು ಕಟ್ಟಿದೆ. ಎಲ್ಲ ಸೇರಿ ಮೂವತ್ತೊಂದು ಪೌಂಡು. ಮತ್ತೆ ಬಿಚ್ಚಿ ನೋಡಲಿಲ್ಲ.

ರೇಡಿಯೋದಲ್ಲಿ ಹೇಳಿದರು, ಶನಿವಾರ ರಾತ್ರಿಯಿಂದ ಪಶ್ಚಿಮ ಮೊಂಟಾನಾದ ಎತ್ತರದ ಕಡೆಗಳಲ್ಲಿ ಒಂದಡಿ ಹಿಮ, ಜೋರು ಗಾಳಿ. ನನ್ನ ಪುಟ್ಟ ಸೂರಿಗೆ ಎಂಥ ಜಾಗ ಹುಡುಕಬೇಕು ಅಂತ ಯೋಚಿಸುತ್ತ ಅದನ್ನು ನಡುಮನೆಯಲ್ಲೇ ಹಾಸಿ ಒಳಗೆ ಮಲಗಿದೆ. ಮತ್ತೆ ಬಲಕ್ಕೆ ಸರಿದೆ. ಯಾಕೆ ಅಂತ ಆಗ ಹೊಳೆಯಿತು. ಹನ್ನೊಂದು ವರ್ಷ ನಾನು ಬಂಡೆಯ ಬದಿಗೆ, ಬಲಕ್ಕೆ. ರಾತ್ರಿ ಎರಡು ಮೂರು ಸಲ ಎದ್ದು ಹೊರಗೆ ಹೋಗುವವನು ಬಾಗಿಲ ಹತ್ತಿರ, ಎಡಕ್ಕೆ. ಎಡ ಮುಂದಿನ ಮೂಲೆಗೆ ತಲೆ ಕೊಟ್ಟು.

ಒಂದೇ ಸಾಲು ಹೊಲಿಗೆ ಹಾಕಿದ್ದು ರಾಯ್ಸ್‌ನ ತಲೆಯ ಮೇಲೆ.

ನನಗೆ ಹೊಲಿಯುವಾಗಲೇ ಗೊತ್ತಿತ್ತಾ? ಗೊತ್ತಿರಲಿಲ್ಲ ಅಂತ ಬರೆಯಲು ಕೈ ಏಳುತ್ತಿಲ್ಲ.

ಅಕ್ಟೋಬರ್ 23

ಎಲ್ಲರಿಗಿಂತ ಮೊದಲು ಅಂಗಡಿಗೆ ಹೋದೆ. ಬಿಚ್ಚಿದೆ. ಹೊಲಿದೆ.

ಅವನ ಮೇಲಿನ ಸಿಟ್ಟು ಒಂದು ಎಳೆಯೂ ಕಮ್ಮಿಯಾಗಿಲ್ಲ, ಅದನ್ನೂ ಬರೆದಿಡುತ್ತೇನೆ. ಅವನು ಮಾತು ಮುರಿದ. ಅಪ್ಪನ ಮೊಳೆಯನ್ನು ಅಳತೆಗೆ ಕೊಟ್ಟ. ನವೆಂಬರಿನಲ್ಲಿ ಕರೆದರೆ ನಾನು ಹೋಗುವುದಿಲ್ಲ. ಆದರೆ ಹೊಲಿಗೆ ನನ್ನದು.

ನಾಳೆ ಬೆಳಕು ಹರಿಯುವ ಮುಂಚೆ ಹೊರಡುತ್ತೇನೆ. ಮಾರ್ಗಿಟ್ ಮಿಷನ್ ಮೇಲೆ ಚೀಟಿ ಇಟ್ಟು ಬಂದೆ. ಅದರ ನಕಲು ಇಲ್ಲೂ ಇರಲಿ, ಇಲ್ಲದಿದ್ದರೆ ಬರೆದೆನೋ ಇಲ್ಲವೋ ಅಂತ ಬೆಟ್ಟದ ಮೇಲೆ ತಲೆ ಕೆಡುತ್ತದೆ.

ಮಾರ್ಗಿಟ್,

ಪ್ರೂಯಿಟ್ ಟೆಂಟು ನೀಲಿ ಚೀಲದಲ್ಲಿದೆ, ಶುಕ್ರವಾರ ಬೆಳಿಗ್ಗೆ ಬಂದು ತಗೊಂಡು ಹೋಗ್ತಾನೆ. ಗೂಟ ಒಂಬತ್ತು, ಎಣಿಸಿದೀನಿ. ಗಾಳಿ ಬರತ್ತಂತೆ, ಹಗ್ಗ ಬಿಗಿಯಾಗಿ ಕಟ್ಟಿ ಅಂತ ಹೇಳಿ. ಎಡ ಮುಂದಿನ ಕುಣಿಕೆ ನಾನು ಮೊದಲು ಸರಿಯಾಗಿ ಹೊಲಿದಿರಲಿಲ್ಲ. ಮರೆತು ಅಲ್ಲ. ಬಂದ ಮೇಲೆ ಹೇಳ್ತೀನಿ, ಆಮೇಲೆ ಕೆಲಸಕ್ಕೆ ಇಟ್ಟುಕೊಳ್ಳೋದು ಬಿಡೋದು ನಿಮಗೆ ಬಿಟ್ಟಿದ್ದು. ಇವತ್ತು ಬಿಚ್ಚಿ ಏಳು ಸಾಲು ಹಾಕಿದೀನಿ. ಮೇಜಿನ ಕಾಲಿಗೆ ಕಟ್ಟಿ ಮೈಭಾರ ಬಿಟ್ಟು ಎಳೆದೆ, ಕದಲಲಿಲ್ಲ. ಆದರೂ ಅವನ ಕೈಗೆ ಕೊಡೋ ಮುಂಚೆ ಆ ಒಂದು ಕುಣಿಕೆಯನ್ನ ದಯವಿಟ್ಟು ನೀವೇ ಇನ್ನೊಂದು ಸಲ ಎಳೆದು ನೋಡಿ.